ಕ್ಯಾಲಿಬರ್ ಕೇಳುವ ಮೊದಲು ಪೇಪರ್ ಪ್ಲೇಟು ತನ್ನಿ

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಮೆರಿಕದ ಕೊಲರಾಡೋದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ರೈಫಲ್ ಸೀಸನ್ ಶುರುವಾಗುವುದು ಅಕ್ಟೋಬರ್ ನಡುವಿಗೆ. ಅದಕ್ಕೆ ಒಂದು ತಿಂಗಳಿದೆ ಅನ್ನುವಾಗ ಎಲ್ಲರಿಗೂ ಕೋವಿಯ ನೆನಪಾಗುತ್ತದೆ. ನಾನು ಇಲ್ಲಿ ಹಂಟರ್ ಎಜುಕೇಶನ್ ತರಗತಿಯಲ್ಲಿ ಪಾಠ ಹೇಳುವ ಸ್ವಯಂಸೇವಕ. ವಾರಕ್ಕೆರಡು ದಿನ ಶೂಟಿಂಗ್ ರೇಂಜಿನಲ್ಲೂ ಇರುತ್ತೇನೆ. ಕನ್ನಡ ಮಾತಾಡುತ್ತೇನೆ ಎಂಬ ಸುದ್ದಿ ಹೇಗೋ ಹಬ್ಬಿದೆ. ಡೆನ್ವರಿನ ಹುಡುಗರು, ಡಲ್ಲಾಸಿನ ಹುಡುಗರು, ಎಲ್ಲರದೂ ಒಂದೇ ಪ್ರಶ್ನೆ: "ಅಂಕಲ್, 600 ಯಾರ್ಡಿಗೆ ಯಾವ ಕ್ಯಾಲಿಬರ್ ತಗೊಳ್ಳಲಿ?" ಕ್ಯಾಲಿಬರ್ ಅಂದರೆ ಕೋವಿಯ ಗುಂಡಿನ ಅಳತೆ.

ನಾನು ಕೇಳುತ್ತೇನೆ, "100 ಯಾರ್ಡಿಗೆ ಎಷ್ಟು ಸಲ ಹೊಡೆದಿದ್ದೀರಿ?" ಆ ಕಡೆ ಸದ್ದಿಲ್ಲ.

ಊರಿಂದ ಫೋನ್ ಮಾಡುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೊಡಗಿನ ನಮ್ಮವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಅದು ಕೋವಿಗೆ, ಬೇಟೆಗಲ್ಲ. ಆಯುಧ ಹಬ್ಬ ಕೈಲ್ ಪೊಳ್ದಿಗೆ ತೆಂಗಿನಕಾಯಿಗೆ ಗುರಿ ಇಡಿ, ನಾನೂ ಬಂದು ಚಪ್ಪಾಳೆ ಹೊಡೆಯುತ್ತೇನೆ. ಕಡವೆಗೆ ಯಾವ ತೋಟಾ ಒಳ್ಳೇದು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಇಲ್ಲಿಯ ಎಲ್ಕ್ ಆ ಕಡವೆಯ ಕುಟುಂಬದ್ದೇ. ಹೆಣ್ಣು ಸುಮಾರು 225 ಕಿಲೋ ತೂಗುತ್ತದೆ, ಗಂಡು ಇನ್ನೂ ಜಾಸ್ತಿ. ಗಟ್ಟಿ ಪ್ರಾಣಿ. ಗುಂಡು ಬಿದ್ದ ಮೇಲೂ ಏನೂ ಆಗಿಲ್ಲ ಅನ್ನುವಂತೆ ನಿಂತು ನೋಡುತ್ತದೆ, ಆಮೇಲೆ ನಿಧಾನ ಮರಗಳೊಳಗೆ ನಡೆದು ಹೋಗುತ್ತದೆ. ಹೊಡೆದವನು ತಪ್ಪಿತು ಅಂದುಕೊಂಡು ಕಾಫಿ ಕುಡಿಯುತ್ತಾನೆ. ನನಗೆ ರೇಗುವುದು ಇಲ್ಲೇ.

ಮೊದಲು ಅಂಗಡಿಯವರು ಹೇಳದ ಒಂದು ವಿಷಯ. .308, .30-06, .300 ವಿನ್‌ಮ್ಯಾಗ್ (ಮದ್ದು ಜಾಸ್ತಿ ಹಿಡಿಸುವ ಮ್ಯಾಗ್ನಮ್), ಈ ಮೂರು ತೋಟಾಗಳ ಗುಂಡಿನ ದಪ್ಪ ಒಂದೇ, 7.82 ಮಿಲಿಮೀಟರ್. ಬೇರೆಯಾಗುವುದು ಹಿಂದಿನ ತೋಟಾದಲ್ಲಿ ಎಷ್ಟು ಮದ್ದು ಹಿಡಿಸುತ್ತದೆ ಅನ್ನುವುದು. ಈಗ ಎಲ್ಲರ ಬಾಯಲ್ಲೂ ಇರುವ 6.5 ಕ್ರೀಡ್‌ಮೂರ್ 2007ರಲ್ಲಿ ಬಂದದ್ದು, ಅದರ ಗುಂಡು 6.7 ಮಿಲಿಮೀಟರ್. ವ್ಯತ್ಯಾಸ ಒಂದು ಸಾಸಿವೆ ಕಾಳಿನಷ್ಟು. ಈ ಸಾಸಿವೆ ಕಾಳಿನ ಮೇಲೆ ಜನ ರಾತ್ರಿಯಿಡೀ ಜಗಳ ಆಡುತ್ತಾರೆ. .30-06 ಹುಟ್ಟಿದ್ದು 1906ರಲ್ಲಿ. ಅಂದಿನಿಂದ ಇಂದಿನವರೆಗೆ ಎಲ್ಕ್ ಅದಕ್ಕೆ ಬೀಳುತ್ತಲೇ ಬಂದಿದೆ. ಎಲ್ಕಿನ ಚರ್ಮವೇನೂ ಈಗ ದಪ್ಪವಾಗಿಲ್ಲ, ಅಲ್ವಾ?

ಕಾನೂನಿನ ಕನಿಷ್ಠ ಬೇರೆ ಮಾತು. ಕೊಲರಾಡೋದಲ್ಲಿ ಎಲ್ಕಿಗೆ 6 ಮಿಲಿಮೀಟರಿಗಿಂತ ಸಣ್ಣದು ಆಗದು. ಗುಂಡಿನ ತೂಕ ಕನಿಷ್ಠ 85 ಗ್ರೇನ್, ಅಂದರೆ ಸುಮಾರು ಐದೂವರೆ ಗ್ರಾಂ ಇರಬೇಕು, ಅರಳುವ ಜಾತಿಯದೇ ಆಗಿರಬೇಕು, 100 ಯಾರ್ಡಿನಲ್ಲಿ 1000 ಅಡಿ-ಪೌಂಡ್ ಶಕ್ತಿ ಇರಬೇಕು. ಪ್ರತಿ ವರ್ಷ ಕೈಪಿಡಿ ಹೊಸದು ಬರುತ್ತದೆ, ಅದನ್ನೇ ನೋಡಿ, ನನ್ನ ಮಾತು ನಂಬಿ ದಂಡ ಕಟ್ಟಬೇಡಿ. ವೀಸಾ ಮೇಲೆ ಇರುವವರು ಕೋವಿ ಮುಟ್ಟುವ ಮೊದಲು ವಕೀಲರನ್ನು ಕೇಳಿ.

ಆ ಕಾನೂನಿನಲ್ಲಿ "ಅರಳುವ" ಅನ್ನುವ ಪದ ಇದೆಯಲ್ಲ, ಅದನ್ನು ಜನ ಓದಿ ದಾಟಿಬಿಡುತ್ತಾರೆ. ನಾನು ಇವತ್ತು ಅಲ್ಲೇ ಕೂರುತ್ತೇನೆ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇದೆ. ಮಾಂಸ ಮಾಡುವಾಗ ಪ್ರಾಣಿಯ ಒಳಗೆ ಸಿಕ್ಕಿದ ಗುಂಡುಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದೇನೆ. ತರಗತಿಯಲ್ಲಿ ಎರಡನ್ನು ತೆಗೆದು ಕೈಗೆ ಕೊಡುತ್ತೇನೆ. ಒಂದು ನಾನೇ 140 ಯಾರ್ಡಿನಿಂದ ಹೊಡೆದದ್ದು. ಹಿಂಬದಿ ಹಾಗೇ ಇದೆ, ಮುಂದಿನ ತಾಮ್ರ ಸೀಳಿ ಬಾಳೆಹೂವಿನ ಎಸಳಿನ ಹಾಗೆ ಹಿಂದಕ್ಕೆ ಮಡಚಿಕೊಂಡಿದೆ. ಹಳೇ ಸ್ಟೀಲಿನ 10 ಪೈಸೆ ಬಿಲ್ಲೆಯಷ್ಟು ಅಗಲವಾಗಿದೆ. ಆ ಎಲ್ಕ್ ಮೂವತ್ತು ಹೆಜ್ಜೆ ಹೋಗಿರಲಿಲ್ಲ.

ಇನ್ನೊಂದು ಗುಂಡು ಹೊಸದರಂತೆ ಇದೆ. ಮೂತಿ ಒಂದು ಚೂರು ಸೊಟ್ಟ. ನಳಿಗೆಯ ಗೀರುಗಳು ಮೈಮೇಲೆ ಚೆಂದ ಕಾಣುತ್ತವೆ. 600 ಯಾರ್ಡಿಗೂ ಆಚೆಯಿಂದ ಹೊಡೆದದ್ದು. ಹೊಡೆದವರು ನನ್ನ ವಿದ್ಯಾರ್ಥಿ ಅಲ್ಲ ಅಂತ ಹೇಳಿಕೊಳ್ಳಲು ಆಸೆ. ಆದರೆ ನನ್ನ ವಿದ್ಯಾರ್ಥಿಯೇ. ಗುರಿ ತಪ್ಪಿರಲಿಲ್ಲ, ಗುಂಡು ಶ್ವಾಸಕೋಶದಲ್ಲೇ ಹಾದು ಆಚೆ ಭುಜದ ಚರ್ಮದ ಅಡಿ ನಿಂತಿತ್ತು. ಆದರೆ ಅರಳಲಿಲ್ಲ. ಗೋಡೆಗೆ ಮೊಳೆ ಹೊಡೆದಂತೆ ಒಂದು ಸಣ್ಣ ತೂತು, ಅಷ್ಟೇ. ಪ್ರಾಣಿ ಕಾಡೊಳಗೆ ನಡೆದುಹೋಯಿತು. ನೆಲದ ಮೇಲೆ ರಕ್ತದ ಹನಿ ಹುಡುಕಿದರೂ ಸಿಗಲಿಲ್ಲ. ಮರುದಿನ ಮಧ್ಯಾಹ್ನ ಸಿಕ್ಕಿದಾಗ ಮಾಂಸ ಕೆಟ್ಟಿತ್ತು. ರಾತ್ರಿ ಎಷ್ಟು ಹೊತ್ತು ಬದುಕಿತ್ತೋ. ಆ ಗುಂಡು ಅವನೇ ತಂದು ಕೊಟ್ಟ, ಬಾಟಲಿಗೆ ಹಾಕಿ ಅಂತ.

ವಿಷಯ ಇಷ್ಟು. ಬೇಟೆಯ ಗುಂಡು ಅರಳಲು ವೇಗ ಬೇಕು. ನಳಿಗೆಯ ಬಾಯಲ್ಲಿರುವ ವೇಗ ಅಲ್ಲ, ಪ್ರಾಣಿಗೆ ತಗಲುವಾಗ ಉಳಿದಿರುವ ವೇಗ. ಸೀಸದ ತಿರುಳಿನ ಗುಂಡುಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 1800 ಅಡಿಯನ್ನು ಗೆರೆ ಅಂತ ಇಟ್ಟುಕೊಳ್ಳುತ್ತೇವೆ. ದೂರಕ್ಕೆಂದೇ ಮಾಡಿದ ಕೆಲವು ಇನ್ನೂ ಕೆಳಗಿನ ವೇಗಕ್ಕೂ ಅರಳುತ್ತವೆ. ಪೂರ್ತಿ ತಾಮ್ರದವು ಗಟ್ಟಿ, ಅವಕ್ಕೆ ಜಾಸ್ತಿ ವೇಗ ಬೇಕು. ಕ್ಯಾಲಿಫೋರ್ನಿಯಾದವರಿಗೆ 2019ರ ಜುಲೈನಿಂದ ಸೀಸವಿಲ್ಲದ್ದೇ ಕಡ್ಡಾಯ, ಅವರು ಇದನ್ನು ಎರಡು ಸಲ ಓದಿ. ನಿಮ್ಮ ಗುಂಡಿನ ಗೆರೆ ಎಲ್ಲಿದೆ ಅಂತ ಅದನ್ನು ಮಾಡಿದ ಕಂಪನಿ ಹೇಳುತ್ತದೆ. ಕೇಳಿದರೆ ಹೇಳುತ್ತದೆ. ಯಾರೂ ಕೇಳುವುದಿಲ್ಲ.

ಒಂದು ಲೆಕ್ಕ ನೋಡಿ. .308ರಲ್ಲಿ ಮೊಂಡು ಮೂತಿಯ ಮಾಮೂಲಿ 150 ಗ್ರೇನ್ ಗುಂಡು ಸೆಕೆಂಡಿಗೆ 2800 ಅಡಿ ಚಿಲ್ಲರೆ ವೇಗದಲ್ಲಿ ಹೊರಡುತ್ತದೆ. 400 ಯಾರ್ಡಿಗೆ ಬರುವಷ್ಟರಲ್ಲಿ 1800ರ ಆಸುಪಾಸು. ಅದೇ ಕೋವಿಗೆ ಉದ್ದ ಮೂತಿಯ 178 ಗ್ರೇನ್ ಗುಂಡು ಹಾಕಿ. ಹೊರಡುವಾಗ 2600 ಮಾತ್ರ, ಆದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, 500 ಯಾರ್ಡು ದಾಟಿಯೂ 1800ರ ಮೇಲೇ ಇರುತ್ತದೆ. ಕೋವಿ ಬದಲಾಗಲಿಲ್ಲ, ಕ್ಯಾಲಿಬರ್ ಬದಲಾಗಲಿಲ್ಲ. 100 ಯಾರ್ಡಿಗೂ ಮಿಕ್ಕಿ ದೂರ ಸಿಕ್ಕಿತು. ಬೆಲೆ ಒಂದು ಡಬ್ಬಿ ತೋಟಾ.

ಡಬ್ಬಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು ಹೆಚ್ಚಾಗಿ 24 ಇಂಚಿನ ನಳಿಗೆಯದು. ನಿಮ್ಮದು 20 ಇಂಚು ಇದ್ದರೆ ವೇಗ ಕಮ್ಮಿಯೇ ಬರುತ್ತದೆ. ರೇಂಜಿನಲ್ಲಿ ವೇಗ ಅಳೆಯುವ ಯಂತ್ರ ಇರುತ್ತದೆ, ಸುಮ್ನೆ ಕೇಳಿ.

"ಹಾಗಾದ್ರೆ ಮ್ಯಾಗ್ನಮ್ ತಗೊಂಡ್ರೆ ಇನ್ನೂ ದೂರ ಆಗತ್ತಲ್ಲ?" ಅನ್ನುತ್ತೀರಿ. ಆಗುತ್ತದೆ. ಒಂದೇ 180 ಗ್ರೇನ್ ಗುಂಡನ್ನು .30-06 ಸುಮಾರು 2700ರಲ್ಲಿ ಬಿಟ್ಟರೆ .300 ವಿನ್‌ಮ್ಯಾಗ್ 2950ರ ಹತ್ತಿರ ಬಿಡುತ್ತದೆ. ದೂರದಲ್ಲಿ ಅದರ ಲಾಭ ನೂರು ಚಿಲ್ಲರೆ ಯಾರ್ಡು. ಅದಕ್ಕೆ ನಿಮ್ಮ ಭುಜ ಏನು ಕೊಡುತ್ತದೆ ಅನ್ನುವುದನ್ನು ಈಗ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ಹುಡುಗ ಬಂದ. ಸಾಫ್ಟ್‌ವೇರ್ ಕೆಲಸ, ಒಳ್ಳೇ ಹುಡುಗ, ವಿಡಿಯೋ ನೋಡಿ ನೋಡಿ ಹೊಚ್ಚ ಹೊಸ .300 ಮ್ಯಾಗ್ನಮ್ ತಂದಿದ್ದ. ಮೇಲೆ ಕೋವಿಗಿಂತ ದುಬಾರಿ ಸ್ಕೋಪು. ಬೆಂಚಿನ ಮೇಲೆ ಮರಳ ಚೀಲ ಇಟ್ಟು ಮೂರು ಈಡು ಹೊಡೆದ, ಚೆನ್ನಾಗೇ ಬಂತು. ನಾಲ್ಕನೆಯದಕ್ಕೆ ನಾನೇ ತೋಟಾ ತುಂಬಿ ಕೊಡುತ್ತೇನೆ ಅಂದೆ. ಮದ್ದಿಲ್ಲದ ಹುಸಿ ತೋಟಾ ಹಾಕಿದೆ. ಅವನು ಕೋವಿಯ ಕುದುರೆ ಎಳೆದ. ಟಿಕ್ ಅಂತ ಸದ್ದು. ಆ ಸದ್ದಿಗೇ ನಳಿಗೆಯ ಮೂತಿ ನಾಲ್ಕು ಬೆರಳು ಕೆಳಗೆ ಕುಕ್ಕಿತು, ಕಣ್ಣು ಗಟ್ಟಿ ಮುಚ್ಚಿಕೊಂಡಿತ್ತು. ಒದೆತ ಬರುತ್ತದೆ ಅಂತ ಮೈ ಮೊದಲೇ ಹೆದರಿ ಕೂತಿದೆ. ಆ ಮ್ಯಾಗ್ನಮ್ಮಿನ ಒದೆತ 6.5ರದಕ್ಕಿಂತ ಸುಮಾರು ಎರಡು ಪಟ್ಟು. ಅವನು ನಾಚಿಕೊಂಡ. ನಾಚಿಕೊಳ್ಳುವಂಥದ್ದು ಏನಿಲ್ಲ, ನನಗೂ ಆಗುತ್ತದೆ. ಅದಕ್ಕೇ ನನ್ನದು .30-06, ಅದಕ್ಕಿಂತ ದೊಡ್ಡದು ಇಟ್ಟುಕೊಂಡಿಲ್ಲ.

ಇನ್ನು ಪೇಪರ್ ಪ್ಲೇಟು. ಅಂಗಡಿಯಲ್ಲಿ ಸಿಗುವ 9 ಇಂಚಿನದು. ಜಿಂಕೆಯ ಹೃದಯ, ಶ್ವಾಸಕೋಶದ ಜಾಗ ಹೆಚ್ಚುಕಮ್ಮಿ ಅಷ್ಟೇ. ಎಲ್ಕಿನದು ಇನ್ನೂ ದೊಡ್ಡದು, ಆದರೂ ಪ್ಲೇಟೇ ಇರಲಿ. 100 ಯಾರ್ಡಿನಲ್ಲಿ ನಿಲ್ಲಿಸಿ. ಬೆಂಚು ಬೇಡ. ಕಾಡಿನಲ್ಲಿ ಹೇಗೆ ಕೂರುತ್ತೀರೋ ಹಾಗೇ, ಮೊಣಕಾಲೂರಿ ಅಥವಾ ಬ್ಯಾಗಿನ ಮೇಲೆ ಕೋವಿ ಇಟ್ಟು. ಮೊದಲು ಕಾರ್ ಪಾರ್ಕಿಂಗಿನಲ್ಲಿ ಎರಡು ಸುತ್ತು ಓಡಿ ಏದುಸಿರು ತಂದುಕೊಳ್ಳಿ. ಕೋವಿ ಕಾರಲ್ಲೇ ಇರಲಿ, ದಯವಿಟ್ಟು. ಐದಕ್ಕೆ ಐದೂ ಪ್ಲೇಟಿನೊಳಗೆ ಬಿದ್ದರೆ 200ಕ್ಕೆ ಹೋಗಿ, ಆಮೇಲೆ ಹೀಗೇ ಸ್ವಲ್ಪ ಸ್ವಲ್ಪ ಮುಂದಕ್ಕೆ. ಒಂದು ಹೊರಗೆ ಬಿತ್ತೋ, ಹಿಂದಿನದೇ ನಿಮ್ಮ ದೂರ. ಐದರಲ್ಲಿ ನಾಲ್ಕು ಪರವಾಗಿಲ್ಲ ಅಂತ ಯಾರಾದರೂ ಒಬ್ಬರು ಪ್ರತಿ ಸಲ ಹೇಳುತ್ತಾರೆ. ಆ ಐದನೆಯದು ಎಲ್ಕಿನ ಹೊಟ್ಟೆಗೋ ಕಾಲಿಗೋ ಬೀಳುವುದು, ಸ್ವಾಮಿ.

ಹೆಚ್ಚಿನವರು 250ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಎಷ್ಟೋ ಅನುಭವಿಗಳು 300ಕ್ಕೆ. ಈಗ ಎರಡು ಅಂಕಿ ನಿಮ್ಮ ಕೈಯಲ್ಲಿವೆ. ಗುಂಡು ಅರಳುವ ದೂರ ಒಂದು, ಪ್ಲೇಟಿನ ದೂರ ಇನ್ನೊಂದು. ಯಾವುದು ಕಮ್ಮಿಯೋ ಅದೇ ನಿಮ್ಮ ದೂರ. ನನ್ನ ತರಗತಿಯಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಕಮ್ಮಿ ಬರುವುದು ಪ್ಲೇಟಿನದೇ. ಅಂದಮೇಲೆ ಕ್ಯಾಲಿಬರ್ ಕಟ್ಟಿಕೊಂಡು ಏನು ಮಾಡುತ್ತೀರಿ?

ದೂರ ಅಳೆಯುವ ರೇಂಜ್‌ಫೈಂಡರ್ ಇದೆ, ಸ್ಕೋಪಿನ ಗುಂಡಿ ತಿರುಗಿಸಿ ಗುರಿ ಸರಿಮಾಡಿದರಾಯಿತು ಅನ್ನುವವರಿದ್ದಾರೆ. ಗುಂಡು ಎಷ್ಟು ಕೆಳಗಿಳಿಯುತ್ತದೆ ಅನ್ನುವುದನ್ನು ಯಂತ್ರ ಹೇಳುತ್ತದೆ, ಒಪ್ಪಿದೆ. ಗಾಳಿಯನ್ನು ಯಾರು ಹೇಳುತ್ತಾರೆ? ಗಂಟೆಗೆ 10 ಮೈಲಿಯ ಅಡ್ಡಗಾಳಿ 6.5 ಕ್ರೀಡ್‌ಮೂರಿನ ಒಳ್ಳೇ ಗುಂಡನ್ನು 200 ಯಾರ್ಡಿನಲ್ಲಿ ಎರಡು ಇಂಚು ಸರಿಸುತ್ತದೆ. 500ರಲ್ಲಿ ಸುಮಾರು 15 ಇಂಚು. ನೀವು ನಿಂತ ಕಡೆ ಎಲೆ ಅಲುಗದಿದ್ದರೂ ಮಧ್ಯದ ಕಣಿವೆಯಲ್ಲಿ ಗಾಳಿ ಬೀಸುತ್ತಿರುತ್ತದೆ. ಜೊತೆಗೆ 500 ಯಾರ್ಡು ಹೋಗಲು ಗುಂಡಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಮೇಯುವ ಎಲ್ಕ್ ಅಷ್ಟರಲ್ಲಿ ಒಂದು ಹೆಜ್ಜೆ ಇಡುತ್ತದೆ. ಆ ಹೆಜ್ಜೆಗೆ ಯಾವ ಕ್ಯಾಲಿಬರೂ ಇಲ್ಲ.

500 ಯಾರ್ಡಿಗೆ ಹೊಡೆಯುವವರೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. ವರ್ಷಕ್ಕೆ ಸಾವಿರಾರು ಈಡು ಹೊಡೆದು ಗಾಳಿ ಓದಲು ಕಲಿತವರು. ಅವರು ನನಗೆ ಫೋನ್ ಮಾಡುವುದಿಲ್ಲ.

ಆ ಬೆಂಗಳೂರಿನ ಹುಡುಗ ಮ್ಯಾಗ್ನಮ್ ಮಾರಿ 6.5 ತಗೊಂಡ. .308 ಆಗಿದ್ದರೂ ನಡೆಯುತ್ತಿತ್ತು, ಅವನಿಗೆ ಕೈಗೆ ಸರಿಹೋದದ್ದು ಅದು. ಬೇಸಿಗೆಯಿಡೀ ಪ್ಲೇಟು ತೂತು ಮಾಡಿದ. ಅವನ ದೂರ 250ಕ್ಕೆ ನಿಂತಿತು. ಅಕ್ಟೋಬರಿನಲ್ಲಿ ಒಂದು ಸಂಜೆ ಫೋನ್ ಬಂತು, ಸಿಗ್ನಲ್ ಕಡಿದು ಕಡಿದು.

"ಅಂಕಲ್, ಎಲ್ಕ್ ಸಿಕ್ತು. 430 ಯಾರ್ಡು."

ನನ್ನ ಎದೆ ಧಸಕ್ ಅಂತು. "ಹೊಡೆದೆಯಾ?"

"ಇಲ್ಲ ಅಂಕಲ್. ತೆವಳಿಕೊಂಡು ಹತ್ತಿರ ಹೋಗೋಕೆ ನೋಡಿದೆ. ಮುಕ್ಕಾಲು ಗಂಟೆ. ಗಾಳಿ ತಿರುಗಿಬಿಡ್ತು, ವಾಸನೆ ಹಿಡಿದು ಓಡಿಹೋಯ್ತು. ಮಂಡಿ ಎಲ್ಲ ಕಿತ್ತುಹೋಗಿದೆ."

ಆ ವರ್ಷ ಅವನಿಗೆ ಏನೂ ಸಿಗಲಿಲ್ಲ. ಈ ಸೆಪ್ಟೆಂಬರಿನಲ್ಲಿ ಮತ್ತೆ ಫೋನ್ ಮಾಡಿದ. ಬೆಟ್ಟ ಹತ್ತಿ ಇಳಿಯುವಾಗ ಹಿಮ್ಮಡಿ ಉಜ್ಜದ ಬೂಟು ಯಾವುದು ಅಂತ ಕೇಳಿದ.