ನೆರೆ ಇಳಿದ ಮೇಲೆ ಬಾವಿಯ ಲೆಕ್ಕ

2018ರ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇಕಡಾ 42ರಷ್ಟು ಹೆಚ್ಚು ಮಳೆ ಸುರಿಯಿತು. ಸುಮಾರು 14 ಲಕ್ಷ ಜನ ಮನೆ ತೊರೆಯಬೇಕಾಯಿತು. ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿ ಒಳನಾಡಿಗೆ ತಂದು ಸಾವಿರಾರು ಜನರನ್ನು ರಕ್ಷಿಸಿದ ಸಂಗತಿ ದೇಶಕ್ಕೆಲ್ಲ ತಿಳಿದಿದೆ. ಆ ದೋಣಿಗಳು ಕಡಲಿಗೆ ಮರಳಿದ ಮೇಲೆ ಬ್ಲೀಚಿಂಗ್ ಪೌಡರಿನ ಚೀಲ, ಬಕೆಟ್ಟು, ಅಳತೆಪಟ್ಟಿ ಹಿಡಿದು ಮನೆಮನೆಯ ಬಾವಿಕಟ್ಟೆಗೆ ಹೋದ ಸ್ವಯಂಸೇವಕರ ಚಿತ್ರಗಳು ಮಾತ್ರ ಯಾರ ಮನಸ್ಸಿನಲ್ಲೂ ಹೆಚ್ಚು ಕಾಲ ಉಳಿಯಲಿಲ್ಲ. ಕಾಯಿಲೆಯ ದೃಷ್ಟಿಯಿಂದ ನೋಡಿದರೆ ನೆರೆಯ ಎರಡನೆಯ ಅಂಕ ಆರಂಭವಾಗುವುದೇ ಆ ಹೊತ್ತಿಗೆ.

ಇದಕ್ಕೆ ಕಾರಣ ರೋಗಾಣುಗಳು ದೇಹವನ್ನು ಹೊಕ್ಕ ಮೇಲೆ ಲಕ್ಷಣ ತೋರಿಸಲು ತೆಗೆದುಕೊಳ್ಳುವ ಅವಧಿ. ಕಾಲರಾ ಕೆಲವೇ ಗಂಟೆಗಳಿಂದ ಐದು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಇಲಿಜ್ವರಕ್ಕೆ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿಗೆ ಸರಾಸರಿ ನಾಲ್ಕು ವಾರ ಹಿಡಿಯುತ್ತದೆ. ನೀರು ತುಂಬಿದ ದಿನ ಕುಡಿದ ಒಂದು ಲೋಟ ಕಲುಷಿತ ನೀರಿನ ಫಲ, ಶಿಬಿರಗಳು ಮುಚ್ಚಿ, ಪರಿಹಾರದ ಲಾರಿಗಳು ನಿಂತು, ಹೊರಗಿನಿಂದ ಬಂದ ವೈದ್ಯರ ತಂಡಗಳು ತಮ್ಮ ಊರು ಸೇರಿಕೊಂಡ ಮೇಲೆ ಪ್ರಕಟವಾಗಬಹುದು.

ಕೇರಳದಲ್ಲಿ ಹೆಚ್ಚಿನ ಮನೆಗಳ ಹಿತ್ತಿಲಲ್ಲಿ ತೆರೆದ ಬಾವಿಯಿರುತ್ತದೆ, ಅದರಿಂದ ಸ್ವಲ್ಪ ದೂರದಲ್ಲೇ ಶೌಚದ ಗುಂಡಿಯೂ ಇರುತ್ತದೆ. ಬೇಸಿಗೆಯಲ್ಲಿ ಇವೆರಡರ ನಡುವಿನ ಮಣ್ಣು ಸೋಸುವ ಜರಡಿಯಂತೆ ಕೆಲಸ ಮಾಡುತ್ತದೆ. ನೆರೆಯಲ್ಲಿ ಮೇಲಿನಿಂದ ಹರಿಯುವ ನೀರು ಎರಡನ್ನೂ ಒಂದೇ ಕೆರೆಯನ್ನಾಗಿ ಮಾಡಿಬಿಡುತ್ತದೆ. ನೀರಿಳಿದ ಕೂಡಲೇ ಪಂಪು ಇಟ್ಟು ಬಾವಿಯನ್ನು ಪೂರ್ತಿ ಬರಿದು ಮಾಡೋಣ ಎನ್ನಿಸುವುದು ಸಹಜ, ಆದರೆ ಸುತ್ತಲಿನ ಮಣ್ಣು ಇನ್ನೂ ನೀರು ಕುಡಿದು ಉಬ್ಬಿರುವಾಗ ಹಾಗೆ ಮಾಡಿದರೆ ಹೊರಗಿನ ಒತ್ತಡಕ್ಕೆ ಬಾವಿಯ ಗೋಡೆಯೇ ಒಳಕ್ಕೆ ಕುಸಿಯುವ ಅಪಾಯವಿದೆ. ಕಸ ತೆಗೆದು, ಕೆಸರು ತಳ ಸೇರಲು ಬಿಟ್ಟು, ಇರುವ ನೀರಿಗೇ ಕ್ಲೋರಿನ್ ಸೇರಿಸುವುದು ಕ್ಷೇಮ.

ಎಷ್ಟು ಸೇರಿಸಬೇಕೆಂಬುದು ಶಾಲೆಯ ಗಣಿತ. ಹಗ್ಗದ ತುದಿಗೆ ಕಲ್ಲು ಕಟ್ಟಿ ತಳದವರೆಗೆ ಇಳಿಬಿಟ್ಟು ಮೇಲಕ್ಕೆಳೆದರೆ, ಹಗ್ಗದಲ್ಲಿ ಒದ್ದೆಯಾದ ಭಾಗವೇ ನೀರಿನ ಆಳ. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ನೀರಿನ ಪ್ರಮಾಣ ಲೀಟರುಗಳಲ್ಲಿ ಸಿಗುತ್ತದೆ. ಅಳತೆಗಳೆಲ್ಲ ಮೀಟರಿನಲ್ಲಿರಬೇಕು, ಅಷ್ಟೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು 9,420 ಲೀಟರ್. ಮಾಮೂಲಿ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು, ನೆರೆಯ ನಂತರ ಅದರ ಇಮ್ಮಡಿ ಬೇಕು. ನಮ್ಮ ಬಾವಿಗೆ ಬೇಕಾದದ್ದು ಸುಮಾರು 47 ಗ್ರಾಂ. ‘ಒಂದೆರಡು ಹಿಡಿ ಹಾಕಿ’ ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ: ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ, ಹೆಚ್ಚಾದರೆ ವಾಸನೆಗೆ ಹೇಸಿ ಮನೆಯವರು ಬೇರೆಲ್ಲಿಂದಲೋ ನೀರು ತಂದು ಕುಡಿಯುತ್ತಾರೆ.

ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಭಾಗ ನೀರು ತುಂಬಿ, ಹತ್ತು ನಿಮಿಷ ಬಿಟ್ಟರೆ ಸುಣ್ಣವೆಲ್ಲ ಕೆಳಗೆ ನಿಲ್ಲುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಚೆನ್ನಾಗಿ ಆಡಿಸಬೇಕು. ತಿಳಿಯಲ್ಲಿರುವ ಹೈಪೋಕ್ಲೋರಸ್ ಆಮ್ಲವು ಬ್ಯಾಕ್ಟೀರಿಯಾದ ಪೊರೆಯನ್ನು ದಾಟಿ ಒಳಗಿನ ಕಿಣ್ವಗಳನ್ನು ಹಾಳುಗೆಡವುತ್ತದೆ. ತೊಡಕೆಂದರೆ, ಈ ಆಮ್ಲಕ್ಕೆ ಕೊಳೆತ ಎಲೆಯೂ ಒಂದೇ, ರೋಗಾಣುವೂ ಒಂದೇ. ಎದುರಾದ ಸಾವಯವ ವಸ್ತುವಿನೊಂದಿಗೆಲ್ಲ ಅದು ವರ್ತಿಸಿ ಖರ್ಚಾಗುತ್ತಾ ಹೋಗುತ್ತದೆ. ಅಲ್ಲದೆ ಕೆಸರಿನ ಕಣಗಳ ಮರೆಯಲ್ಲಿ ಬ್ಯಾಕ್ಟೀರಿಯಾ ಅಡಗಿಕೊಳ್ಳಬಲ್ಲದು. ನೆರೆಯ ನೀರಿಗೆ ಇಮ್ಮಡಿ ಪುಡಿ ಬೇಕಾಗುವುದು ಈ ಕಾರಣಕ್ಕೆ. ಕಟ್ಟು ಬಿಚ್ಚಿಟ್ಟು ತೇವ ತಾಗಿ ಗಂಟುಗಟ್ಟಿದ ಪೌಡರಿನಲ್ಲಿ ಕ್ಲೋರಿನ್ ಬಹುಪಾಲು ಹಾರಿಹೋಗಿರುತ್ತದೆ. ದಾನಿಗಳು ಕಳಿಸಿದ ಹಳೆಯ ಚೀಲಗಳನ್ನು ಮೂಸಿ ನೋಡದೆ ಬಳಸಿದರೆ ಬಾವಿಗೆ ಬೀಳುವುದು ಬರೀ ಸುಣ್ಣ.

ವೈದ್ಯಕೀಯ ಶಿಬಿರಗಳ ಅನುಭವವೂ ನಿರೀಕ್ಷೆಗಿಂತ ಬೇರೆಯೇ ಆಗಿರುತ್ತದೆ. ಸ್ವಯಂಸೇವಕ ವೈದ್ಯರು ವಾಂತಿಭೇದಿಗೆ, ಗಾಯಕ್ಕೆ ಔಷಧ ತುಂಬಿಕೊಂಡು ಬರುತ್ತಾರೆ. ಎದುರಿಗೆ ಬಂದು ಕೂರುವವರಲ್ಲಿ ಎಷ್ಟೋ ಮಂದಿ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆ ನೀರುಪಾಲಾದ ಹಿರಿಯರು. ಚೀಟಿಯೂ ಕೊಚ್ಚಿಹೋಗಿರುವುದರಿಂದ ಅವರಿಗೆ ನೆನಪಿರುವುದು ಮಾತ್ರೆಯ ಬಣ್ಣ ಮಾತ್ರ. ವಿದ್ಯುತ್ತಿಲ್ಲದ ಊರಿನಲ್ಲಿ ಇನ್ಸುಲಿನ್ನನ್ನು ತಂಪಾಗಿಡುವುದೂ ದೊಡ್ಡ ಪಾಡು.

ಅಂದು ಕೇರಳವನ್ನು ಹೆಚ್ಚು ಕಾಡಿದ್ದು ಇಲಿಜ್ವರ. ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇಲಿಗಳ ಮೂತ್ರಪಿಂಡದಲ್ಲಿ ನೆಲೆಸಿ, ಮೂತ್ರದ ಮೂಲಕ ನಿಂತ ನೀರಿಗೆ ಸೇರಿ, ದಿನವಿಡೀ ನೆನೆದು ಮೆತ್ತಗಾದ ಪಾದದ ಸಣ್ಣ ಬಿರುಕಿನಿಂದ ಮನುಷ್ಯನ ರಕ್ತಕ್ಕೆ ಇಳಿಯುತ್ತದೆ. ಸಂತ್ರಸ್ತರ ಮನೆಯ ಕೆಸರು ಬಾಚಲು ಬರಿಗಾಲಲ್ಲಿ ಇಳಿದ ಸ್ವಯಂಸೇವಕರೂ ಈ ಅಪಾಯದಿಂದ ಹೊರತಲ್ಲ. ಈ ಜ್ವರ ಬಾರದಂತೆ ತಡೆಯಲು ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಮಾತ್ರೆಯನ್ನು ಹಂಚಿತು. ವಯಸ್ಕರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ. ಈ ಪ್ರಮಾಣಕ್ಕೆ ಹಿನ್ನೆಲೆಯಿದೆ. ಪನಾಮಾದ ಕಾಡಿನಲ್ಲಿ ತರಬೇತಿ ಪಡೆಯುತ್ತಿದ್ದ 940 ಅಮೆರಿಕನ್ ಸೈನಿಕರ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಸಿಮಾತ್ರೆ ನುಂಗಿದವರಲ್ಲಿ 20 ಮಂದಿಗೆ ಇಲಿಜ್ವರ ಬಂದರೆ ಡಾಕ್ಸಿಸೈಕ್ಲಿನ್ ಪಡೆದವರಲ್ಲಿ ಬಂದದ್ದು ಒಬ್ಬನಿಗೆ. ಆದರೂ ಈ ಮಾತ್ರೆ ತಿನ್ನಬೇಡಿ ಎಂದು ಸಾಮಾಜಿಕ ಜಾಲತಾಣದಲ್ಲಿ ಪ್ರಚಾರ ನಡೆಯಿತು, ಅದಕ್ಕಾಗಿ ಒಬ್ಬರ ಬಂಧನವೂ ಆಯಿತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುವುದರಿಂದ ಊಟದ ಮೇಲೆ ತುಂಬ ನೀರಿನೊಂದಿಗೆ ತೆಗೆದುಕೊಳ್ಳಿ ಎಂಬ ಮಾತನ್ನು ಮಾತ್ರೆಯ ಜೊತೆಗೇ ಹೇಳಬೇಕಾಗುತ್ತದೆ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಬೇರೆ ಔಷಧ ಬೇಕು.

ಅದೇ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೂ ಜರಿದವು. ಮರುವರ್ಷ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆಯ ಊರುಗಳನ್ನು ಮುಳುಗಿಸಿದವು. ಬಯಲುಸೀಮೆಯ ಕೊಳವೆಬಾವಿಗೆ ಮೇಲಿನ ಬಕೆಟ್ಟಿನ ವಿಧಾನ ನಡೆಯುವುದಿಲ್ಲ: ಕ್ಲೋರಿನ್ ದ್ರಾವಣವನ್ನು ಕೊಳವೆಯೊಳಗೆ ಹೊಯ್ದು, ಹಲವು ಗಂಟೆ ಬಿಟ್ಟು, ವಾಸನೆ ಕುಗ್ಗುವವರೆಗೆ ನೀರೆತ್ತಿ ಚೆಲ್ಲಬೇಕು.

ತೆರೆದ ಬಾವಿಗಾದರೆ ತಿಳಿ ಬೆರೆಸಿದ ಮೇಲೆ ಕನಿಷ್ಠ ಒಂದು ಗಂಟೆ ಕೊಡ ಇಳಿಸುವಂತಿಲ್ಲ. ಅನಂತರ ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಆರ್ಥೊಟಾಲಿಡಿನ್ ದ್ರಾವಣದ ಕೆಲವು ಹನಿ ಹಾಕಿದರೆ ಹಳದಿ ಬಣ್ಣ ಮೂಡಬೇಕು, ಆ ಹಳದಿಯನ್ನು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರುವುದು ಕಾಣಬೇಕು. ಬಣ್ಣ ಮೂಡದಿದ್ದರೆ ಹಾಕಿದ್ದೆಲ್ಲವನ್ನೂ ಕೊಳೆ ತಿಂದುಹಾಕಿದೆ ಎಂದರ್ಥ, ಬಕೆಟ್ಟಿನಲ್ಲಿ ಮತ್ತೆ ಪುಡಿ ಕಲಸಬೇಕು. ಕೆಲವು ದಿನಗಳ ಮೇಲೆ ಯಾರಾದರೂ ಬಂದು ಅದೇ ಬಾವಿಯ ನೀರನ್ನು ಇನ್ನೊಮ್ಮೆ ನಳಿಕೆಗೆ ತುಂಬಿಸಿ ನೋಡಬೇಕು.