ಬಾಲ ಅಲ್ಲಾಡ್ಸಿದ್ರೆ ಮಾತ್ರ ಸಾಕಾಗಲ್ಲ, ವೀರ್ಯಾಣು ಪಕ್ವ ಆಗ್ಬೇಕು

ವೀರ್ಯಾಣುಗಳೆಲ್ಲ ಅಂಡಾಣು ಕಡೆ ಓಡ್ತವೆ, ಮೊದ್ಲು ಮುಟ್ಟಿದ್ದೇ ಗೆದ್ದಂಗೆ, ಅಂತ ನಮ್ಗೆಲ್ಲ ಯಾರೋ ಹೇಳಿರ್ತಾರೆ. ಆದ್ರೆ ಆಗಷ್ಟೇ ಹೊರಗೆ ಬಂದಿರೋ ವೀರ್ಯಾಣುನ ನೇರ ಅಂಡಾಣು ಪಕ್ಕದಲ್ಲೇ ಬಿಟ್ರೂ ಅದು ಒಳಗೆ ಹೋಗಲ್ಲ. ಬಾಲ ಅಲ್ಲಾಡ್ಸತ್ತೆ, ಈಜತ್ತೆ, ನೋಡೋಕೆ ಎಲ್ಲ ಸರಿಯಾಗೇ ಇರತ್ತೆ, ಕೆಲಸ ಮಾತ್ರ ಆಗಲ್ಲ.

ಇದು ಗೊತ್ತಿಲ್ದೆ ಎಷ್ಟೋ ವರ್ಷ ವಿಜ್ಞಾನಿಗಳು ಎರಡನ್ನೂ ಗಾಜಿನ ಪಾತ್ರೆಲಿ ಹಾಕಿ ಕಾದು ಕೂತಿದ್ರು. 1951ರಲ್ಲಿ ಅಮೆರಿಕದಲ್ಲಿ ಮಿನ್ ಚುಯೆ ಚಾಂಗ್, ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್, ಇಬ್ರೂ ಬೇರೆಬೇರೆಯಾಗಿ ಒಂದೇ ವಿಷ್ಯ ಕಂಡುಹಿಡಿದ್ರು: ವೀರ್ಯಾಣು ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಇದ್ರೆ ಮಾತ್ರ ಅದಕ್ಕೆ ಆ ಸಾಮರ್ಥ್ಯ ಬರತ್ತೆ. ಮುಂದಿನ ವರ್ಷ ಆಸ್ಟಿನ್ ಇದಕ್ಕೆ ಕೆಪಾಸಿಟೇಶನ್ ಅಂತ ಹೆಸರಿಟ್ರು. 1959ರಲ್ಲಿ ಚಾಂಗ್ ಅವರು ಹೆಣ್ಣು ಮೊಲದ ಗರ್ಭಕೋಶದಿಂದ ಹೀಗೆ ರೆಡಿಯಾದ ವೀರ್ಯಾಣು ತೆಗೆದು ಗಾಜಿನ ಪಾತ್ರೆಲಿ ಅಂಡಾಣು ಜೊತೆ ಸೇರ್ಸಿ, ಅದನ್ನ ಇನ್ನೊಂದು ಮೊಲಕ್ಕೆ ಇಟ್ಟು, ಮರಿ ಹುಟ್ಟಿಸಿ ತೋರ್ಸಿದ್ರು.

ಹಾಗಾದ್ರೆ ಒಳಗೆ ಆಗೋದೇನು? ವೀರ್ಯಾಣು ಹೊಸ ಪ್ರೋಟೀನ್ ಮಾಡ್ಕೊಳ್ಳೋಕೆ ಆಗಲ್ಲ, ಅದ್ರ ಡಿಎನ್‌ಎ ಎಷ್ಟು ಬಿಗಿಯಾಗಿ ಮಡಚಿರತ್ತೆ ಅಂದ್ರೆ ಅದನ್ನ ಓದೋಕೇ ಆಗಲ್ಲ, ಹಾಗಾಗಿ ಇರೋದನ್ನೇ ಬದಲಾಯಿಸ್ಕೋಬೇಕು. ವೀರ್ಯದ ದ್ರವದಿಂದ ಮೈಗೆ ಅಂಟಿರೋ ಕೆಲವು ಪ್ರೋಟೀನ್‌ಗಳು ಮೊದ್ಲು ಕಳಚ್ಕೊಳ್ತವೆ. ಆಮೇಲೆ ಅಲ್ಬುಮಿನ್ ಅನ್ನೋ ಪ್ರೋಟೀನ್ ಪೊರೆಯಲ್ಲಿರೋ ಕೊಲೆಸ್ಟ್ರಾಲನ್ನ ಎಳ್ಕೊಳತ್ತೆ, ಗಟ್ಟಿಯಾಗಿದ್ದ ಪೊರೆ ಸಡಿಲ ಆಗತ್ತೆ. ಬೈಕಾರ್ಬೊನೇಟ್ ಒಳಗೆ ಹೋಗಿ ಒಂದು ಕಿಣ್ವನ ಎಬ್ಬಿಸತ್ತೆ, ಅದ್ರಿಂದ ಸಿಎಎಂಪಿ ಅನ್ನೋ ಸಂದೇಶದ ಅಣು ಏರತ್ತೆ, ಅದು ಹಲವು ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟೋ ಹಂಗೆ ಮಾಡತ್ತೆ. ಕ್ಯಾಟ್‌ಸ್ಪರ್ ಅಂತ ಒಂದು ಚಾನೆಲ್ ಇದೆ, ಅಂದ್ರೆ ಪೊರೆಯಲ್ಲಿರೋ ಪುಟ್ಟ ಬಾಗಿಲು, 2001ರಲ್ಲಿ ಸಿಕ್ಕಿದ್ದು, ಬಾಲದಲ್ಲೇ ಇರೋದು, ಅದ್ರಿಂದ ಕ್ಯಾಲ್ಸಿಯಂ ನುಗ್ಗಿದ್ರೆ ಅಷ್ಟೊತ್ತಿಗೆ ಸುಮ್ನೆ ಅಲೆಯಂಗೆ ಆಡ್ತಿದ್ದ ಬಾಲ ಚಾಟಿ ಬೀಸ್ದಂಗೆ ಜೋರಾಗಿ ಹೊಡ್ಕೊಳ್ಳೋಕೆ ಶುರು ಮಾಡತ್ತೆ. ಅಂಡನಾಳದ ಗೋಡೆಗೆ ಅಂಟ್ಕೊಂಡಿದ್ರೆ ಬಿಡಿಸ್ಕೊಳ್ಳೋಕೆ, ಅಂಡಾಣು ಸುತ್ತ ಇರೋ ಅಂಟಂಟಾದ ಪದರ ದಾಟೋಕೆ ಈ ಹೊಡೆತ ಬೇಕೇ ಬೇಕು.

ನಂಗೆ ಇಷ್ಟ ಆಗೋ ವಿಷ್ಯ ಬೇರೆ: ಇದೆಲ್ಲಾ ವಾಪಸ್ ಆಗತ್ತೆ! ರೆಡಿಯಾದ ವೀರ್ಯಾಣುನ ಮತ್ತೆ ವೀರ್ಯದ ದ್ರವಕ್ಕೆ ಹಾಕಿದ್ರೆ ಸಾಮರ್ಥ್ಯ ಹೋಗತ್ತೆ ಅಂತ ಚಾಂಗ್ 1957ರಲ್ಲೇ ನೋಡಿದ್ರು. ಅಂದ್ರೆ ಗಂಡಿನ ದೇಹನೇ ಬ್ರೇಕ್ ಹಾಕಿ ಕಳಿಸತ್ತೆ, ಅದನ್ನ ಬಿಡಿಸೋದು ಹೆಣ್ಣಿನ ದೇಹ. ರೇಸಿನ ಕಥೆಲಿ ಈ ಭಾಗ ಯಾರೂ ಹೇಳಲ್ಲ ನೋಡಿ, ಅಲ್ಲಿ ಅಂಡನಾಳ ಬರೀ ರಸ್ತೆ.

ಬ್ರೇಕ್ ಯಾಕೆ ಅಂದ್ರೆ, ವೀರ್ಯಾಣು ತಲೆ ಮೇಲೆ ಟೋಪಿ ತರ ಇರೋ, ಕಿಣ್ವ ತುಂಬಿರೋ ಆಕ್ರೊಸೋಮ್ ಚೀಲ ರೆಡಿಯಾದ್ಮೇಲೆ ಒಡೆಯತ್ತೆ, ಅದೂ ಒಂದೇ ಸಲ. ದಾರೀಲೇ ತೀರಾ ಮುಂಚೆ ಒಡೆದ್ರೆ ಅದು ವ್ಯರ್ಥ. ರೆಡಿಯಾದ್ಮೇಲೆ ಆಯಸ್ಸೂ ಕಮ್ಮಿ. ಅದಕ್ಕೇ ಎಲ್ಲ ಒಟ್ಟಿಗೆ ಪಕ್ವ ಆಗಲ್ಲ, ಒಂದಷ್ಟು ಈಗ, ಒಂದಷ್ಟು ಆಮೇಲೆ, ಅಂಡಾಣು ಲೇಟಾಗಿ ಬಂದ್ರೂ ಯಾವ್ದಾದ್ರೂ ಸಿಗ್ಲಿ ಅನ್ನೋ ಹಂಗೆ.

ಮೊದಲು ಮುಟ್ಟಿದ್ದೇ ಗೆಲ್ಲಲ್ಲ ಅನ್ನೋದು ಇದ್ರಿಂದಾನೇ. ಸರಿಯಾದ ಹೊತ್ತಿಗೆ ಪಕ್ವ ಆಗಿರೋದು, ಆಕ್ರೊಸೋಮ್ ಒಡೆದು ಇಜುಮೊ ಅನ್ನೋ ಪ್ರೋಟೀನ್ ಹೊರಗೆ ಕಾಣೋ ಹಂಗೆ ಇರೋದು ಗೆಲ್ಲತ್ತೆ, ಆ ಇಜುಮೊ ಅಂಡಾಣು ಮೇಲಿನ ಜೂನೋ ಅನ್ನೋ ಪ್ರೋಟೀನ್‌ಗೆ ಅಂಟತ್ತೆ. ಇಜುಮೊ ಜಪಾನಿನ ಮದುವೆ ದೇಗುಲದ ಹೆಸರು, ಜೂನೋ ರೋಮನ್ನರ ಮದುವೆ ದೇವತೆ.

ಐವಿಎಫ್ ಲ್ಯಾಬಲ್ಲಿ ವೀರ್ಯಾಣು ತೊಳೆದು ಅಲ್ಬುಮಿನ್, ಬೈಕಾರ್ಬೊನೇಟ್ ಇರೋ ದ್ರವದಲ್ಲಿ 37 ಡಿಗ್ರಿಲಿ ಇಡೋದು ಅಂಡನಾಳದ ಈ ಕೆಲಸನ್ನೇ ಪಾತ್ರೆಲಿ ಮಾಡೋಕೆ. ಉಲ್ಟಾನೂ ಸಾಧ್ಯ: 2023ರಲ್ಲಿ ಬೈಕಾರ್ಬೊನೇಟ್ ಎಬ್ಬಿಸೋ ಆ ಕಿಣ್ವನ ತಡೆಯೋ ಔಷಧಿನ ಗಂಡು ಇಲಿಗಳಿಗೆ ಕೊಟ್ರು, ಕೆಲವು ಗಂಟೆ ಅವು ಗರ್ಭ ಕಟ್ಟಿಸೋಕೆ ಆಗ್ಲಿಲ್ಲ, ಮಾರನೇ ದಿನಕ್ಕೆ ಮತ್ತೆ ಮೊದಲಿನಂಗೇ ಆದ್ವು.