ಸುಳಿವು ಸಿಕ್ಕರೆ ಬರುವ ನೆನಪು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನಡುಗುವ ಕೈ, ಬಿಗಿದ ಸ್ನಾಯು, ನಿಧಾನವಾದ ನಡಿಗೆ ಕಣ್ಣಮುಂದೆ ಬರುತ್ತವೆ. 1817ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, ರೋಗಿಯ ಬುದ್ಧಿಗೆ ಪೆಟ್ಟಾಗುವುದಿಲ್ಲ ಎಂದೇ ಭಾವಿಸಿದ್ದರು. ಅದು ಪೂರ್ತಿ ಸರಿಯಲ್ಲವೆಂದು ಈಗ ಗೊತ್ತಾಗಿದೆ. ಕಾಯಿಲೆಯ ಆರಂಭದಲ್ಲೇ ಹಲವರಿಗೆ ಹೆಸರು, ಮಾತು, ನಿನ್ನೆಯ ಸಂಗತಿ ಬೇಕೆಂದಾಗ ನೆನಪಾಗುವುದಿಲ್ಲ.

ಈ ಮರೆವಿನ ಬಗೆಯೇ ಬೇರೆ. ಪದಗಳ ಪಟ್ಟಿಯೊಂದನ್ನು ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಕೆಲವೇ ಪದ ಹೊರಬರುತ್ತವೆ. ‘ಅದರಲ್ಲೊಂದು ಹೂವಿನ ಹೆಸರಿತ್ತಲ್ಲ’ ಎಂದರೆ ಸಾಕು, ಅದೇ ವ್ಯಕ್ತಿ ಎಷ್ಟೋ ಸಲ ಥಟ್ಟನೆ ಹೇಳಿಬಿಡುತ್ತಾರೆ. ನೆನಪು ಒಳಗೆ ಇದೆ, ಹುಡುಕಿ ತೆಗೆಯುವುದು ಕಷ್ಟವಾಗಿದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಬಹಳ ಬೇಗ ಹಾನಿಗೊಳ್ಳುತ್ತದೆ. ಅಲ್ಲಿ ಸುಳಿವಿನಿಂದ ಅಷ್ಟು ಪ್ರಯೋಜನವಾಗದು.

ಎಲ್ಲಿಂದ ಹುಡುಕಬೇಕು, ಸಿಕ್ಕಿದ್ದು ಸರಿಯೇ ಎಂದು ನೋಡಿಕೊಳ್ಳುವುದು ಮಿದುಳಿನ ಮುಂಭಾಗ. ಆಳದಲ್ಲಿರುವ ಸ್ಟ್ರಯೇಟಮ್ ಅದಕ್ಕೆ ಜೊತೆಗಾರ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ಸಾಯುತ್ತಾ ಬಂದಂತೆ ಇವೆರಡರ ನಡುವಿನ ಸಂಪರ್ಕ ಸೊರಗುತ್ತದೆ. ಹೆಜ್ಜೆ ಎತ್ತಿಡಲು ತಡವರಿಸುವ ಮಿದುಳು ನೆನಪಿನ ಹುಡುಕಾಟ ಶುರುಮಾಡಲೂ ತಡವರಿಸುತ್ತದೆ.

ಹಾಗೆಂದು ಎಲ್ಲವನ್ನೂ ಡೋಪಮೈನ್ ತಲೆಗೆ ಕಟ್ಟುವಂತಿಲ್ಲ. ಡೋಪಮೈನ್ ಕೊರತೆ ತುಂಬಲು ಕೊಡುವ ಲೆವೊಡೋಪಾ ಮಾತ್ರೆ ನಡಿಗೆಯನ್ನು ಸುಧಾರಿಸುವಷ್ಟು ನೆನಪನ್ನು ಸುಧಾರಿಸುವುದಿಲ್ಲ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವೂ ಕುಗ್ಗಿರುತ್ತದೆ. ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಈ ರಾಸಾಯನಿಕದ ಕೆಲಸವನ್ನೇ ತಡೆಯುವುದರಿಂದ, ವಯಸ್ಸಾದವರಲ್ಲಿ ಮರೆವು ಹೆಚ್ಚಬಹುದು. ಮನೆಯವರು ಈ ಔಷಧದ ಬಗ್ಗೆ ವೈದ್ಯರನ್ನು ಕೇಳಲೇಬೇಕು, ತಾವಾಗಿ ನಿಲ್ಲಿಸಬಾರದು. ಖಿನ್ನತೆ, ನಿದ್ದೆಗೇಡು ಕೂಡ ನೆನಪನ್ನು ಕೆಡಿಸುತ್ತವೆ, ಇವಕ್ಕೆ ಚಿಕಿತ್ಸೆ ಇದೆ.

ಇನ್ನೊಂದು ಮುಖ್ಯ ಸಂಗತಿ. ಕೆಲವರಲ್ಲಿ ತೊಂದರೆ ಹುಡುಕಾಟದ್ದಷ್ಟೇ ಅಲ್ಲ, ಕಲಿಯುವಾಗಲೇ ವಿಷಯ ಸರಿಯಾಗಿ ಮನಸ್ಸಿನಲ್ಲಿ ನಿಂತಿರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ನೆನಪಿನ ಪರೀಕ್ಷೆಯ ಅಂಕವೊಂದನ್ನೇ ನೋಡಿ ಕಂಗೆಡುವುದು ನನಗೆ ಸರಿಕಾಣುವುದಿಲ್ಲ. ಬಹಳ ಕಡೆ ಬಳಸುವ ‘ಮೊಕಾ’ ಪರೀಕ್ಷೆಯಲ್ಲಿ ಐದು ಪದ ನೆನಪಿಟ್ಟು ಹೇಳಬೇಕು. ಸುಳಿವಿನಿಂದ ಹೇಳಿದ ಪದಕ್ಕೆ ಅಂಕವಿಲ್ಲ. ಐದರಲ್ಲಿ ಒಂದೇ ಅಂಕ ಪಡೆದ ಇಬ್ಬರಲ್ಲಿ ಒಬ್ಬರು ಸುಳಿವು ಕೊಟ್ಟರೆ ಉಳಿದ ನಾಲ್ಕನ್ನೂ ಹೇಳಬಲ್ಲರು, ಇನ್ನೊಬ್ಬರು ಒಂದನ್ನೂ ಹೇಳಲಾರರು. ಸುಳಿವಿನ ನಂತರ ಏನಾಯಿತೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಪ್ರಶ್ನೆ ಕೇಳುವ ರೀತಿಯನ್ನೇ ಬದಲಿಸಬಹುದು. ‘ನಿನ್ನೆ ಯಾರು ಬಂದಿದ್ದರು?’ ಎನ್ನುವ ಬದಲು ‘ಬಂದದ್ದು ನಿಮ್ಮ ತಂಗಿಯೋ, ಪಕ್ಕದ ಮನೆಯವರೋ?’ ಎಂದು ಕೇಳಿ. ಉತ್ತರಕ್ಕೆ ಸಮಯ ಕೊಡಿ, ನಡುವೆ ಬಾಯಿಹಾಕಬೇಡಿ. ಯೋಚನೆಯ ವೇಗವೂ ಕಾಯಿಲೆಯಿಂದ ತಗ್ಗಿರುತ್ತದೆ. ಮೊದಲು ಕೆಲಸಕ್ಕೆ ಬರುತ್ತಿದ್ದ ಸುಳಿವುಗಳು ಕ್ರಮೇಣ ವ್ಯರ್ಥವಾಗತೊಡಗಿದರೆ, ಮುಂದಿನ ತಪಾಸಣೆಯವರೆಗೆ ಕಾಯದೆ ನರರೋಗ ತಜ್ಞರಿಗೆ ತಿಳಿಸಿ.